ಬಾಯಾರು ತೆರೆಸಿದ ಬಚ್ಚಲುಮನೆ

ಬೆಳಗಿನ ಹೊತ್ತು ಬಾಯಾರ ಬಲಗೈಯ ಮೊಣಕೈ ಸದಾ ಒದ್ದೆಯಾಗಿರುತ್ತಿತ್ತು. ಯಾರ ಸ್ನಾನಕ್ಕೆ ನೀರು ಬೆರೆಸಿದರೂ ಅವರು ಬಂದು ಬಕೆಟ್ಟಿನಲ್ಲಿ ಮೊಣಕೈ ಅದ್ದಿ ನೋಡದೆ ಒಂದು ತಂಬಿಗೆ ನೀರೂ ಯಾರ ಮೈಮೇಲೂ ಬೀಳುವಂತಿರಲಿಲ್ಲ. ಕೆಲಸ ಮಾಡಿ ಮಾಡಿ ಬೆರಳು ಮರಗಟ್ಟಿರುತ್ತವೆ, ಅವಕ್ಕೆ ಬಿಸಿ ತಿಳಿಯುವುದಿಲ್ಲ, ಮೊಣಕೈ ಮಾತ್ರ ಮೋಸ ಮಾಡುವುದಿಲ್ಲ ಎನ್ನುತ್ತಿದ್ದರು. ಎತ್ತರದ ಆಳು; ಬಾಯಿ ಎಂಬ ಮರ್ಯಾದೆಯ ಮಾತು ಸೇರಿಸಿ ಎಲ್ಲರೂ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದರು. ಬಿಳಿ ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಅವರು ವರಾಂಡದಲ್ಲಿ ನಡೆದು ಬಂದರೆ ಮುದುಕರು ತಂಬಾಕಿನ ಚೀಲವನ್ನು ದಿಂಬಿನ ಕೆಳಗೆ ಸರಿಸುತ್ತಿದ್ದರು.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಪಕ್ಕ, ಕಬ್ಬಿನ ಹೊಲಗಳ ನಡುವೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ವೃದ್ಧಾಶ್ರಮ ಅದು. ಬಾಯಾರು ಅದರ ಮೇಲ್ವಿಚಾರಕಿ. ಸದಲಗಾದ ಜೈನ ಮನೆತನದವರು, ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಮೇಲೆ ಇಲ್ಲಿಗೆ ಬಂದಿದ್ದರು. ನಾನು ಐನಾಪುರದವಳು. ನರ್ಸಿಂಗ್ ಕಲಿತು ಮೊದಲ ನೌಕರಿಗೆಂದು ಅಲ್ಲಿಗೆ ಸೇರಿದಾಗ ಅವರ ಸಿಟ್ಟಿಗೆ ಹೆದರಿ ವಾರದೊಳಗೆ ಓಡಿಹೋಗಬೇಕೆಂದುಕೊಂಡಿದ್ದೆ. ರೊಟ್ಟಿ ಗಟ್ಟಿಯಾದರೆ ಅಡುಗೆಯವಳ ಮೇಲೆ ಹರಿಹಾಯುತ್ತಿದ್ದರು. ಒಮ್ಮೊಮ್ಮೆ ಅವಳ ತಪ್ಪಿಲ್ಲದಿದ್ದರೂ ಬೈಗುಳ ತಪ್ಪುತ್ತಿರಲಿಲ್ಲ. ಆಮೇಲೆ ತಾವೇ ಒಲೆಯ ಮುಂದೆ ಕುಳಿತು ಮೆತ್ತಗಿನ ರೊಟ್ಟಿ ಬಡಿಯುತ್ತಿದ್ದರು, ಕ್ಷಮೆಯ ಮಾತು ಮಾತ್ರ ಬಾಯಿಂದ ಬರುತ್ತಿರಲಿಲ್ಲ. ಮುದುಕರು ಬೆನ್ನ ಹಿಂದೆ ಅವರನ್ನು ‘ಫೌಜದಾರ’ ಎನ್ನುತ್ತಿದ್ದರು.

ಎರಡು ಸಾವಿರದ ಹತ್ತರ ಆಚೀಚಿನ ಮಾತು. ಆಶ್ರಮದ ಪರವಾನಗಿ ನವೀಕರಣಕ್ಕೆ ಜಿಲ್ಲೆಯಿಂದ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ತಿಳಿಯಿತು. ಪರವಾನಗಿ ಸಿಗದಿದ್ದರೆ ಅನುದಾನ ನಿಲ್ಲುತ್ತದೆ, ಅನುದಾನ ನಿಂತರೆ ಆಶ್ರಮವೇ ಮುಚ್ಚಬೇಕಾಗುತ್ತದೆ. ಟ್ರಸ್ಟಿನ ಅಧ್ಯಕ್ಷರು ದಿನವೂ ಬರತೊಡಗಿದರು. ಕೆಟ್ಟವರೇನಲ್ಲ, ತಮ್ಮ ಸ್ವಂತ ಜಾಗವನ್ನೇ ಆಶ್ರಮಕ್ಕೆ ಬಿಟ್ಟುಕೊಟ್ಟವರು. ಆದರೆ ಮದುವೆ ಮನೆಯ ಹಾಗೆ ಎಲ್ಲ ಥಳಥಳಿಸಬೇಕು ಎಂಬ ಆತುರ ಅವರಿಗೆ. ಗೋಡೆಗಳಿಗೆ ಸುಣ್ಣ ಬಳಿಸಿದರು, ಬೆಂಕಿ ಆರಿಸಲು ಕೆಂಪು ಬಣ್ಣದ ಉಸುಕಿನ ಬಕೆಟ್ ತೂಗುಹಾಕಿಸಿದರು, ಇಚಲಕರಂಜಿಯಿಂದ ಹೊಸ ಚಾದರಗಳ ಗಂಟು ತರಿಸಿ, ತಪಾಸಣೆಯ ದಿನವೇ ಬಿಚ್ಚಿ ಹಾಸಬೇಕೆಂದು ಕಟ್ಟಪ್ಪಣೆ ಮಾಡಿದರು.

ಬಾಯಾರು ಗಂಟನ್ನು ಅಂದೇ ಬಿಚ್ಚಿದರು. ಎಲ್ಲ ಚಾದರಗಳನ್ನೂ ಎರಡೆರಡು ಸಲ ಒಗೆಸಿ, ಒಣಗಿಸಿ ಹಾಸಿಸಿದರು. ಹೊಸ ಬಟ್ಟೆಯ ಗಂಜಿ ಮುದುಕರ ಚರ್ಮಕ್ಕೆ ಚುಚ್ಚುತ್ತದೆ, ಮೈ ಕೆಂಪಗಾಗುತ್ತದೆ ಎಂಬುದು ಅವರ ವಾದ. ತಪಾಸಣೆಯ ಹೊತ್ತಿಗೆ ಚಾದರಗಳ ಮೇಲೆ ಅರಿಷಿಣದ ಕಲೆ, ಚಹಾದ ಕಲೆ ಬಿದ್ದಿದ್ದವು. ಅಧ್ಯಕ್ಷರು ತಲೆಗೆ ಕೈ ಹಚ್ಚಿಕೊಂಡರು.

ನಿಜವಾದ ಜಗಳ ಬಂದದ್ದು ಮನುಷ್ಯರ ವಿಷಯಕ್ಕೆ. ನಿಪ್ಪಾಣಿಯ ಒಬ್ಬ ಅಜ್ಜಿ ಇದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದೆವು. ಜೀವನವಿಡೀ ಬೀಡಿ ಕಟ್ಟಿದವಳು. ನೆನಪೆಲ್ಲ ಅಳಿಸಿಹೋಗಿದ್ದರೂ ಅವಳ ಬೆರಳುಗಳು ಮಾತ್ರ ಚಾದರದ ಅಂಚನ್ನು ಸುತ್ತುತ್ತಲೇ ಇರುತ್ತಿದ್ದವು. ಯಾರಾದರೂ ಕೈ ಹಿಡಿದು ನಿಲ್ಲಿಸಿದರೆ ಮರಾಠಿಯಲ್ಲಿ ಚೀರಾಡುತ್ತಿದ್ದಳು. ಪಾರ್ಶ್ವವಾಯು ಬಡಿದು ಮಲಗಿದಲ್ಲೇ ಇದ್ದ ಸತ್ತಿ ಊರಿನ ಒಬ್ಬ ಪೈಲ್ವಾನರೂ ಇದ್ದರು. ಇಂಥ ಐದಾರು ಜನರನ್ನು ಆ ಒಂದು ದಿನದ ಮಟ್ಟಿಗೆ ಊರೊಳಗಿನ ಸಮುದಾಯ ಭವನಕ್ಕೆ ಕಳಿಸೋಣ, ಯಾರಾದರೂ ಕೇಳಿದರೆ ದೇವರ ದರ್ಶನಕ್ಕೆ ಹೋಗಿದ್ದಾರೆ ಎನ್ನೋಣ ಎಂದು ಅಧ್ಯಕ್ಷರು ಹೇಳಿದರು. ಟೆಂಪೋ ಕೂಡ ಗೊತ್ತು ಮಾಡಿದ್ದರು.

ಬಾಯಾರು ಆಗ ಔಷಧದ ಕಪಾಟಿನಲ್ಲಿ ಅವಧಿ ಮುಗಿದ ಗುಳಿಗೆ ಆರಿಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: “ಸಾಹೇಬ್ರು ತಾಸೊಪ್ಪತ್ತು ಇದ್ದು ಹೋಗ್ತಾರ್ರಿ. ಇವ್ರು ಇಲ್ಲೇ ಇರಾವ್ರು. ಇವ್ರ ಮನ್ಯಾಗಿಂದ ಇವ್ರನ್ನ ಹೊರಗ ಹಾಕಾಕ ನನ್ನ ಕೈಲೆ ಆಗೂದಿಲ್ಲ.”

ಆಶ್ರಮ ಮುಚ್ಚಿದರೆ ಎಲ್ಲರೂ ಹೊರಗೇ ಹೋಗುತ್ತಾರಲ್ಲ ಎಂದರು ಅಧ್ಯಕ್ಷರು. ಬಾಯಾರು ಮತ್ತೆ ಗುಳಿಗೆ ಆರಿಸತೊಡಗಿದರು. ಅವರ ಮುಖ ಬಾಡಿದ್ದನ್ನು ನಾನು ನೋಡಿದೆ. ಆದರೆ ಟೆಂಪೋ ಬಂದ ಬೆಳಿಗ್ಗೆ ಅದರ ಡ್ರೈವರಿಗೆ ಚಹಾ ಕುಡಿಸಿ, ಖಾಲಿ ಗಾಡಿಯನ್ನೇ ವಾಪಸು ಕಳಿಸಿದರು.

ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು, ದಕ್ಷಿಣದ ಕಡೆಯವರು, ಮಾತು ಕಡಿಮೆ. ಅಡುಗೆಮನೆ ನೋಡಿದರು, ಔಷಧ ನೋಡಿದರು. ಆಯಿಯ ಮಂಚದ ಹತ್ತಿರ ಬಂದಾಗ ಅವಳು ಅವರ ಸೆರಗನ್ನೇ ಹಿಡಿದು ಬೀಡಿಯಂತೆ ಸುತ್ತತೊಡಗಿದಳು. ಅಧ್ಯಕ್ಷರು ಬಿಡಿಸಲು ಧಾವಿಸಿದರು. ಬಾಯಾರು ಅಡ್ಡ ಬಂದು, “ಎಳಕೋಬ್ಯಾಡ್ರಿ ಮೇಡಂ, ಒಂದ ಕಟ್ಟು ಮುಗೀತಂದ್ರ ತಾನ ಬಿಡ್ತಾಳ” ಎಂದರು. ಆ ಹೆಣ್ಣುಮಗಳು ಮಂಚದ ಅಂಚಿಗೆ ಕುಳಿತರು. ಆಯಿ ಸಾವಕಾಶವಾಗಿ ಸುತ್ತಿ ಮುಗಿಸಿ, ಸೆರಗನ್ನು ಸವರಿ, ಅವರ ತೊಡೆಯ ಮೇಲೆ ಇಟ್ಟಳು. ಎಲ್ಲರಿಗೂ ಉಸಿರು ಬಂದಂತಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಪರವಾನಗಿ ಅಂದೇ ಸಿಗುತ್ತಿತ್ತೋ ಏನೋ. ಹಿತ್ತಲ ಕಡೆ ಬೀಗ ಹಾಕಿದ ಒಂದು ಬಾಗಿಲಿತ್ತು. ಅದೇನು ಎಂದು ಅಧಿಕಾರಿ ಕೇಳಿದರು. ಅಧ್ಯಕ್ಷರು ಸಾಮಾನು ಇಡುವ ಕೋಣೆ ಎಂದರು. ಅದು ಗಂಡಸರ ಬಚ್ಚಲುಮನೆ. ನುಣುಪು ಟೈಲ್ಸ್ ಹಾಕಿದ ಅದರ ನೆಲದಲ್ಲಿ ಆ ಮಳೆಗಾಲದಲ್ಲಿ ರಾಯಬಾಗದ ಒಬ್ಬ ನಿವೃತ್ತ ಮಾಸ್ತರರು ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ರಿಪೇರಿ ಮುಂದಕ್ಕೆ ಹೋಗುತ್ತಲೇ ಇತ್ತು.

ನಾನು ನೆಲ ನೋಡುತ್ತ ನಿಂತಿದ್ದೆ. ಬಾಯಾರ ದನಿ ಕೇಳಿಸಿತು.

“ಅದು ಬಚ್ಚಲರಿ ಮೇಡಂ. ನಮ್ಮ ಮಾಸ್ತರ್ರು ಅಲ್ಲೇ ಬಿದ್ದಾರ. ಅಧ್ಯಕ್ಷರ ಒಬ್ಬರದ ತಪ್ಪಲ್ಲರಿ, ನಾನೂ ಗಟ್ಟಿಯಾಗಿ ಕೇಳಲಿಲ್ಲ. ಬೀಗ ತಗಸ್ರಿ, ನೀವ ನೋಡ್ರಿ.”

ಬೀಗ ತೆಗೆದರು. ಅಧಿಕಾರಿ ಒಳಗೆ ಕಾಲಿಟ್ಟು, ಜಾರಿ, ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹೊರಡುವಾಗ ಅವರು ಹೇಳಿದ್ದಿಷ್ಟೇ: ಈ ಬಚ್ಚಲು ಸರಿಯಾಗುವವರೆಗೆ ನವೀಕರಣ ಇಲ್ಲ, ಸರಿಯಾದ ಮೇಲೆ ಮತ್ತೆ ಬಂದು ನೋಡುತ್ತೇನೆ, ಅಲ್ಲಿಯತನಕ ಆಶ್ರಮ ಮುಚ್ಚಬೇಕಾಗಿಲ್ಲ.

ಅಧ್ಯಕ್ಷರು ಬಹಳ ದಿನ ಬಾಯಾರ ಜೊತೆ ಮಾತು ಬಿಟ್ಟರು. ಆದರೆ ಕೆಲಸ ಮಾತ್ರ ತಕ್ಷಣ ಶುರುವಾಯಿತು. ಟೈಲ್ಸ್ ಕಿತ್ತು ಒರಟು ಕಲ್ಲಿನ ಫರ್ಶಿ ಹಾಕಿದರು, ಗೋಡೆಗುಂಟ ಹಿಡಿದುಕೊಳ್ಳಲು ಕಬ್ಬಿಣದ ಪೈಪು ಕೂಡಿಸಿದರು. ಪೈಪು ಎಷ್ಟು ಎತ್ತರದಲ್ಲಿರಬೇಕೆಂದು ಬಾಯಾರು ಮಾಸ್ತರರನ್ನೇ ಖುರ್ಚಿಯಲ್ಲಿ ಕೂರಿಸಿ ಕೇಳಿದರು. ಮುಗಿದ ದಿನ ಮಾಸ್ತರರು ಪೈಪು ಹಿಡಿದು ನಾಲ್ಕು ಹೆಜ್ಜೆ ಒಳಗೆ ನಡೆದು, ಬಾಗಿಲು ಹಾಕಿಕೊಂಡು ಯಾರ ಸಹಾಯವೂ ಇಲ್ಲದೆ ಸ್ನಾನ ಮಾಡಿದರು. ಬಾಯಾರು ಹೊರಗೆ ನಿಂತು ನೀರು ಬೀಳುವ ಸದ್ದು ಕೇಳುತ್ತಿದ್ದರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪರವಾನಗಿಯೂ ಬಂತು. ಮುಂದಿನ ವರ್ಷ ಟ್ರಸ್ಟಿನವರು ಬಾಯಾರ ಸೇವೆಯನ್ನು ಮುಂದುವರಿಸಲಿಲ್ಲ. ಅವರು ಕಾರಣ ಕೇಳಲಿಲ್ಲ. ಹೋಗುವ ಮುಂಚೆ ಪ್ರತಿ ಮಂಚದ ಹತ್ತಿರವೂ ಹೋಗಿ ಕುಳಿತು ಬಂದರು.

ಕೆಲವು ವರ್ಷಗಳ ನಂತರ ಅವರಿಗೆ ಕಾಯಿಲೆ ಜೋರಾಗಿದೆ ಎಂದು ತಿಳಿದು ಸದಲಗಾಕ್ಕೆ ಹೋದೆ. ಆಗ ಅವರ ಜಾಗದಲ್ಲಿ ನಾನಿದ್ದೆ. ಅಣ್ಣನ ಮಗನ ಮನೆಯ ಪಡಸಾಲೆಯಲ್ಲಿ ಮಲಗಿದ್ದರು, ಬಹಳ ಸೊರಗಿದ್ದರು. ಆಶ್ರಮದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದರು. ಆಯಿಯ ಮಾತು ಬಂದಾಗ ನಾನು ತಡವರಿಸಿದೆ.

“ಹೋದ್ಲೇನ ತಂಗಿ?”

ಹೌದೆಂದು ತಲೆಯಾಡಿಸಿದೆ.

“ಬಾಜೂಕ ಯಾರಿದ್ರು?”

“ನಾನ ಇದ್ನಿರಿ. ಕೈ ಹಿಡಕೊಂಡ ಕುಂತಿದ್ನಿ.”

“ಹಂಗಾದ್ರ ಚಲೋ ಆತು,” ಎಂದು ಕಣ್ಣು ಮುಚ್ಚಿದರು. ಅವರು ನನ್ನ ಕೆಲಸದ ಬಗ್ಗೆ ಆಡಿದ ಮೆಚ್ಚುಗೆಯ ಮಾತು ಅದೊಂದೇ.

ತಿಂಗಳೊಪ್ಪತ್ತಿನಲ್ಲಿ ಅವರ ಅಣ್ಣನ ಮಗನ ಫೋನು ಬಂತು. ಬೆಳಿಗ್ಗೆ ಅತ್ತೆ ಹೋದರು ಎಂದ. ಏನಾಗಿತ್ತು, ಎಷ್ಟು ಹೊತ್ತಿಗೆ ಎಂದೆಲ್ಲ ಕೇಳುವ ಮುಂಚೆ ನನ್ನ ಬಾಯಿಂದ ಹೊರಟದ್ದು, ಬಾಜೂಕ ಯಾರಿದ್ರು ಎಂಬ ಮಾತು. ಮನೆಯವರೆಲ್ಲ ಇದ್ದೆವು ಎಂದು ಅವನು ಹೇಳಿದ ಮೇಲೆಯೇ ನನಗೆ ಅಳು ಬಂತು.