ರೊಟ್ಟಿ ಬಡಿಯುವ ಕೈಗೆ ಕಪಾಳದ ಕೆಲಸ

ಆಟದ ಪಾತ್ರಗಳಿಗೆ ಚಲನೆ ರೂಪಿಸಿಕೊಡುವ ಮಹನೀಯರೇ, ನಮ್ಮ ಅತ್ತೆಯ ಎರಡೂ ಕೈಗಳನ್ನು ನೀವು ಅಪಹರಿಸಿದ್ದೀರಿ.

ಇದು ಅತಿಶಯೋಕ್ತಿಯೆಂದು ನಗುವ ಓದುಗ ಮಿತ್ರರು ನನ್ನೊಡನೆ ತೆಲಂಗಾಣದ ಗಡಿಯ ನಾರಾಯಣಖೇಡದ ಅಡುಗೆಮನೆಯೊಂದಕ್ಕೆ ಬರಬೇಕು. ಹೊಲಮನೆಯ ವಿಡಿಯೋ ಗೇಮೊಂದಕ್ಕೆ ನಮ್ಮ ಸೀಮೆಯ ಹಳ್ಳಿಯನ್ನು ಸೇರಿಸುವ ಹುಚ್ಚು ನನ್ನದು. ಇಂಥ ಸೇರ್ಪಡೆಗೆ ಆಟಗಾರರು ಮಾಡ್ ಎನ್ನುತ್ತಾರೆ. ಮನೆಗಳೆದ್ದವು, ತೊಗರಿ ಹೂಬಿಟ್ಟಿತು. ಹೆಂಗಸರು ಮಾತ್ರ ರಾಷ್ಟ್ರಗೀತೆಗೆ ನಿಂತವರಂತೆ ಒಲೆಯ ಮುಂದೆ ಕೈ ಇಳಿಬಿಟ್ಟು ನಿಂತಿದ್ದರು. ಜೋಳದ ರೊಟ್ಟಿ ಬಡಿಯುವ ಆನಿಮೇಷನ್ ಮಾಡಿಕೊಡಲು ನಿಮ್ಮನ್ನು ಗೊತ್ತುಮಾಡಿದೆ. ನೀವು ಮಾದರಿ ವಿಡಿಯೋ ಕೇಳಿದಿರಿ. ಸ್ನಾತಕೋತ್ತರ ಪದವೀಧರನಾದ ನಾನೇ ಬಡಿದೆ. ರೊಟ್ಟಿ ಗಡಿವಿವಾದದ ನಕ್ಷೆಯಾಯಿತು. ಅತ್ತೆಯ ಮೊರೆಹೊಕ್ಕೆ.

ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ ಬಂದ ಅತ್ತೆ, ಹಿಟ್ಟು ನಾದುವ ಪರಾತವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬಡಿಯತೊಡಗಿದರು.

"ಮೂರ್ ಕಡಿಂದ ವಿಡಿಯೋ ತಗೀಲತ್ತಿ ತಮ್ಮಾ, ಒಂದ್ ಕಡಿಂದರ ತಿನ್ನು."

ನೀವು ಕಳಿಸಿದ ಚಲನೆ ಸೊಗಸಾಗಿತ್ತು, ಒಪ್ಪುತ್ತೇನೆ. ತಿಂಗಳೊಳಗೆ ಅದೇ ಚಲನೆ ನಿಮ್ಮ ಹೊಡೆದಾಟದ ಮಾಡ್‌ನಲ್ಲಿ ಪ್ರತ್ಯಕ್ಷವಾಯಿತು: ಸೀರೆಯುಟ್ಟವಳೊಬ್ಬಳು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಎದುರಾಳಿಯ ಕಪಾಳಕ್ಕೆ ಎರಡೂ ಅಂಗೈಯಿಂದ ಬಾರಿಸುತ್ತ, ಅವನ ತಲೆಯನ್ನು ರೊಟ್ಟಿಯಂತೆ ತಿರುಗಿಸುತ್ತಾಳೆ. ತುಣುಕು ಊರಿನ ಫೋನುಗಳಲ್ಲೆಲ್ಲ ಹರಿದಾಡಿತು.

"ಇಷ್ಟ್ ವರ್ಷ ಸಂಸಾರ ಮಾಡೀನಿ, ನನಗ ಒಂದೂ ಬಿದ್ದಿಲ್ಲ, ನಸೀಬು," ಎಂದು ಮಾವ ನಕ್ಕರು.

ಅತ್ತೆ ನಗಲಿಲ್ಲ. "ಕೈ ನಂದೇ ಅದಾವ. ಕೆಲ್ಸ ನಂದಲ್ಲ. ಯಾರ್ ಮಾಡಂದ್ರು ಇವ್ರಿಗಿ?"

ಬಡಿಸುವ ಮುನ್ನ ಪಾತ್ರೆಗೂ ಹಾಗೆಯೇ ನಮಿಸುವ ಅತ್ತೆಯನ್ನು ಶಾಲೆಯ ಮಕ್ಕಳು ಕೂಡಲೇ ಗುರುತಿಸಿದ್ದಾರೆ. ಅತ್ತೆ ಪಾತ್ರೆಗೆ ಕೈಯಿಟ್ಟರೆ ಸಾಲಿಗೆ ಸಾಲೇ ಕೆನ್ನೆ ಮುಚ್ಚಿಕೊಂಡು ಕಿಸಕ್ಕೆನ್ನುತ್ತದೆ. ಅತ್ತೆ ಈಗ ಯಾವುದನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಿಲ್ಲ, ಮನೆಯಲ್ಲಿಯೂ.

ವಿಡಿಯೋ ಒಪ್ಪಿಸಿದ ಪಾಪ ನನ್ನದು. ರೊಟ್ಟಿಗೆ ಮಾತ್ರವೆಂದು ಬರೆದು ಒಪ್ಪಿಸಿದ್ದೆ. ಆಕ್ಷೇಪಿಸಿದಾಗ, ಚಲನೆಗೆ ಒಡೆಯರಿಲ್ಲವೆಂಬ ವೇದಾಂತವನ್ನು ಬರೆದು ಕಳಿಸಿದಿರಿ. ಒಡೆಯರಿಲ್ಲದಿದ್ದರೆ, ನಾನಿರುವ ಜಹೀರಾಬಾದಿನಿಂದ ಅತ್ತೆಯ ಊರಿನವರೆಗೆ ನಾನು ಹೋಗಬೇಕಾದದ್ದೇಕೆ? ನೀವೇ ಎದ್ದು ನಾಲ್ಕು ರೊಟ್ಟಿ ಬಡಿಯಬಹುದಿತ್ತಲ್ಲ?

ಆದಕಾರಣ ವಿನಂತಿಸುತ್ತೇನೆ: ಆ ಚಲನೆಯನ್ನು ಹೊಡೆದಾಟದಿಂದ ಕೂಡಲೇ ತೆಗೆದುಹಾಕಿರಿ, ಯಾರ ಒಪ್ಪಿಗೆ ಪಡೆದು ಬಳಸಿದಿರೆಂಬುದನ್ನು ಲಿಖಿತವಾಗಿ ತಿಳಿಸಿರಿ. ಉತ್ತರವನ್ನು ನನಗಲ್ಲ, ಅತ್ತೆಗೆ ಬರೆಯಿರಿ, ಕನ್ನಡದಲ್ಲಿ. ಬಿಸಿಯೂಟದ ಸಾಲಿನ ಮುಂದೆ ನಿಂತು ಅದನ್ನು ನಾನು ಗಟ್ಟಿಯಾಗಿ ಓದುತ್ತೇನೆ.