ಜಾಕ್ ಇಟ್ಟ ಜಾಗ

"ಅಮ್ಮಾ, ಅತ್ತೆ ಗಾಡಿ ಕೆಳಗೆ ಮಲ್ಕೊಂಡು ಕಣ್ಣು ಯಾಕೆ ಮುಚ್ಕೋತಾರೆ? ನಿದ್ದೆ ಬರುತ್ತಾ?"

ಮಗಳು ಹೀಗೆ ಕೇಳಿದಾಗ ನಾನು ಅವಳ ಜಡೆ ಬಿಚ್ಚುತ್ತಿದ್ದೆ. ಅವಳ ಅತ್ತೆ ಎಂದರೆ ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ. ಮನೆಯ ಮುಂದಿನ ಶೆಡ್ಡಿನಲ್ಲಿ ಪಿಕಪ್ ಗಾಡಿಗಳ 'ಮುಂಗಾಲು' ರಿಪೇರಿ ಮಾಡುತ್ತಾರೆ. ಮುಂದಿನ ಚಕ್ರ, ಸ್ಪ್ರಿಂಗು, ಅವನ್ನು ಹಿಡಿದಿರುವ ಕಬ್ಬಿಣದ ತೋಳು, ಕೀಲು ಎಲ್ಲಕ್ಕೂ ಸೇರಿ ಅವರು ಇಟ್ಟ ಹೆಸರು ಅದು. ಸವೆದ ಕೀಲು ಕೂದಲೆಳೆಯಷ್ಟು ಅಲ್ಲಾಡಿದರೂ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದಂತೆ. ಅದಕ್ಕೇ ಕಣ್ಣು ಮುಚ್ಚುವುದು. ಮಗಳಿಗೆ ಅಷ್ಟು ಹೇಳಿದೆ. ಇವತ್ತು ಅವರು ಗುಡ್ಡದ ಮೇಲೆ ಕಣ್ಣು ಮುಚ್ಚಿದ್ದನ್ನು ಹೇಳಲಿಲ್ಲ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಮಾವನವರು ಶೆಡ್ಡು ನಡೆಸುತ್ತಿದ್ದ ಕಾಲದಲ್ಲಿ, ಇಕ್ಕಟ್ಟಿನಲ್ಲಿ ಬಿದ್ದ ನಟ್ಟು ತೆಗೆಯಲು ಆಗಿನ್ನೂ ಹುಡುಗಿಯಾಗಿದ್ದ ಅತ್ತಿಗೆಯ ಸಣ್ಣ ಕೈ ಬೇಕಾಗುತ್ತಿತ್ತಂತೆ. ಹಾಗೆ ಬಂದ ಕೈ ಶೆಡ್ಡಿನಲ್ಲೇ ಉಳಿಯಿತು. ಹೊಸ ಗಿರಾಕಿಗಳು ಅವರನ್ನೇ "ಮೇಸ್ತ್ರಿ ಇಲ್ವಾ?" ಎಂದು ಕೇಳಿದರೆ, "ಇದಾರೆ, ಕೆಳಗಿದಾರೆ" ಎಂದು ಗಾಡಿಯಡಿ ನುಸುಳುತ್ತಾರೆ. ಮದುವೆಯ ಮಾತೆತ್ತಿದವರಿಗೂ ಅವರದು ಒಂದೇ ಉತ್ತರ: "ಒಂದೇ ಕಡೆ ಎಳೆಯೋ ಗಾಡಿನ ನೇರ ಮಾಡ್ಬೋದು, ಗಂಡಸರನ್ನ ಮಾಡಕ್ಕಾಗಲ್ಲ."

ನನ್ನ ಗಂಡ ಪಿಕಪ್‌ನಲ್ಲಿ ಮೊಟ್ಟೆ ಸಾಗಿಸುತ್ತಾರೆ. ಗುಂಡಿಗೆ ಇಳಿದಾಗಲೆಲ್ಲ ಎಡಮುಂದೆ 'ಟಕ್' ಎನ್ನುತ್ತದೆಂದು ನಿನ್ನೆ ಅಕ್ಕನಿಗೆ ತೋರಿಸಿದರು. ಅತ್ತಿಗೆ ಗಾಡಿ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿದರು. ಹರಿದಿದ್ದ ರಬ್ಬರ್ ಬುಷ್ ಬದಲಿಸಿ, "ಕೀಲಿನ ಬಾಲ್ ಜಾಯಿಂಟ್ ಗಟ್ಟಿ ಇದೆ, ಹೋಗು" ಎಂದರು. ಇವತ್ತು ಬೆಳಿಗ್ಗೆ ಇವರು ಲೋಡ್ ತುಂಬಿಕೊಂಡು ಗುಡ್ಡದಾಚೆಯ ಊರಿಗೆ ಹೊರಟರು.

ಅವರು ಹೊರಟ ಸ್ವಲ್ಪ ಹೊತ್ತಿಗೆ, ನಾನು ಪಾತ್ರೆ ತೊಳೆಯುತ್ತಿದ್ದಾಗ, ಅತ್ತಿಗೆ ಗ್ರೀಸ್ ಮೆತ್ತಿದ ಕೈಯಲ್ಲೇ ಒಳಗೆ ಬಂದರು. ಕೈ ತೊಳೆಯದೆ ಅವರು ಅಡುಗೆಮನೆಗೆ ಕಾಲಿಟ್ಟದ್ದನ್ನು ನಾನು ಕಂಡೇ ಇರಲಿಲ್ಲ.

"ಅವನಿಗೆ ಫೋನ್ ಮಾಡೇ."

"ಯಾಕೆ ಅತ್ತಿಗೆ, ಏನಾಯ್ತು?"

"ಮೊದ್ಲು ಮಾಡು!"

ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಹೆಣ್ಣುದನಿ ಬಂತು. ಮತ್ತೆ ಮಾಡಿದೆ. ಮತ್ತೆ ಅದೇ.

ಆಗ ವಿಷಯ ಹೊರಬಿತ್ತು. ಶೆಡ್ಡಿನ ಗಿಡ್ಡ ಜಾಕ್ ಎಣ್ಣೆ ಸೋರಿ ರಿಪೇರಿಗೆ ಹೋಗಿತ್ತು. ಎತ್ತರದ ಜಾಕ್ ಚಕ್ರ ಹೊತ್ತ ಕೆಳತೋಳಿನಡಿ ತೂರುವುದಿಲ್ಲ. ಹಾಗಾಗಿ ಅದನ್ನು ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಕೊಟ್ಟು ಎತ್ತಿದ್ದರು. ಹಾಗೆ ಎತ್ತಿದರೆ ಸ್ಪ್ರಿಂಗು ತೋಳನ್ನು ಕೆಳಕ್ಕೆ ಒತ್ತಿ ಕೀಲನ್ನು ಬಿಗಿ ಮಾಡಿಬಿಡುತ್ತದೆ. ಸವೆದ ಬಾಲ್ ಜಾಯಿಂಟೂ ಗಟ್ಟಿ ಇದ್ದಂತೆ ತೋರುತ್ತದೆ. ಗೊತ್ತಿಲ್ಲದ ಸಂಗತಿಯೇನಲ್ಲ, ಅವಸರದಲ್ಲಿ ಮರೆತಿದ್ದರು. ಇವತ್ತು ಗಿಡ್ಡ ಜಾಕ್ ವಾಪಸ್ ಬಂತು. ನಿನ್ನೆ ತಾವೇ ಗಟ್ಟಿ ಎಂದಿದ್ದ ಇನ್ನೊಂದು ಗಾಡಿಯನ್ನು ತೋಳಿಗೆ ಕೊಟ್ಟು ಎತ್ತಿದರೆ ಚಕ್ರ ಗಡಗಡ ಅಲ್ಲಾಡಿತಂತೆ.

"ಕೀಲು ಕಳಚಿಕೊಂಡ್ರೆ ಏನಾಗುತ್ತೆ?"

"ಚಕ್ರ ಮಗುಚ್ಕೊಳ್ಳುತ್ತೆ. ಗುಡ್ಡ ಇಳಿಯೋವಾಗ ಆದ್ರೆ..."

ಮಗಳನ್ನು ಪಕ್ಕದ ಟೈಲರಮ್ಮನ ಮಡಿಲಿಗೆ ಹಾಕಿ ಸ್ಕೂಟರ್ ತೆಗೆದೆ. ಕಾಲ ಬಳಿ ಜಾಕ್, ಹಿಂದೆ ಸಾಮಾನಿನ ಚೀಲ ತಬ್ಬಿಕೊಂಡ ಅತ್ತಿಗೆ.

"ಬೇಗ ಹೋಗೇ."

"ಹೋಗ್ತಾನೇ ಇದೀನಲ್ಲ! ಇದೇನು ವಿಮಾನಾನಾ?"

"ಬೈಬೇಡ ಕಣೇ. ಮೊದ್ಲೇ ಜೀವ ಬಾಯಿಗೆ ಬಂದಿದೆ."

ನನ್ನದೂ ಬಂದಿತ್ತು. ಪ್ರತಿ ತಿರುವಿನಲ್ಲೂ ರಸ್ತೆಯಂಚಿನ ಹುಲ್ಲು ಮಲಗಿದೆಯೇ ಎಂದು ನೋಡುತ್ತಿದ್ದೆ. ಒಂದು ಕಡೆ ರಸ್ತೆ ತುಂಬ ಬೆಳ್ಳಗೆ ಚೆಲ್ಲಿತ್ತು. ಮೊಟ್ಟೆಯೊಡೆದದ್ದೇ ಎಂದು ಬ್ರೇಕ್ ಹಿಡಿದೆ. ಹತ್ತಿರ ಹೋದರೆ ಯಾವುದೋ ಗಾಡಿಯಿಂದ ಸುರಿದ ಸುಣ್ಣ. ಅತ್ತಿಗೆಯ ಉಗುರು ನನ್ನ ಭುಜಕ್ಕೆ ನಾಟಿದ್ದು ಆಮೇಲೆ ಗೊತ್ತಾಯಿತು.

ಗುಡ್ಡದ ನೆತ್ತಿಯಲ್ಲಿ, ಇಳಿಜಾರು ಶುರುವಾಗುವಲ್ಲಿ, ಲೋಡಿನ ಹಗ್ಗ ಬಿಗಿ ಮಾಡಿಕೊಳ್ಳಲು ಚಾಲಕರು ನಿಲ್ಲುವ ಜಾಗವಿದೆ. ಅಲ್ಲಿ ಇವರು ಹಗ್ಗ ಜಗ್ಗುತ್ತ ನಿಂತಿದ್ದರು.

"ಏನಕ್ಕಾ, ಮೊಟ್ಟೆ ಬೇಕಿದ್ರೆ ಮನೇಲೇ ಕೇಳೋದಲ್ವಾ?"

"ಕೀ ಕೊಡು."

"ಅಂಗಡಿಯವ್ರು ಕಾಯ್ತಿರ್ತಾರೆ..."

"ಕೊಡೋ!"

ಚಕ್ರಗಳಿಗೆ ಕಲ್ಲು ಕೊಟ್ಟು, ಈ ಸಲ ಜಾಕನ್ನು ತೋಳಿನಡಿಯೇ ಇಟ್ಟು ಎತ್ತಿದರು. ಚಕ್ರದಡಿಗೆ ಹಾರೆ ತೂರಿಸಿ ಮೀಟಲು ನನಗೆ ಹೇಳಿ, ತಾವು ಪಕ್ಕದಲ್ಲಿ ಮಲಗಿ ಕೀಲಿಗೆ ಬೆರಳಿಟ್ಟು ಕಣ್ಣು ಮುಚ್ಚಿದರು. ನಾನು ಮೀಟಿದೆ. ಆ ಮುಚ್ಚಿದ ಕಣ್ಣು ತೆರೆಯುವವರೆಗೆ ಮೀಟುತ್ತಲೇ ಇದ್ದೆ.

"ಇದೆ," ಎಂದರು. "ಜಾಸ್ತೀನೇ ಇದೆ."

ಇವರು ಹಗ್ಗ ಬಿಟ್ಟು ಬಂದು ಅಕ್ಕನ ಕೈಗೆ ಸುತ್ತಿಗೆ ತೆಗೆದುಕೊಟ್ಟರು. ತಮಾಷೆಯೆಲ್ಲ ಇಂಗಿಹೋಗಿತ್ತು.

ತುಕ್ಕು ಹಿಡಿದ ಕೀಲು ಬೇಗ ಬಿಡಲಿಲ್ಲ. ಅತ್ತಿಗೆ ಸುತ್ತಿಗೆಯಿಂದ ಬಡಿದು ಬಡಿದು ಬೆವರಿ, ಅದಕ್ಕೂ ಅದರ ವಂಶಕ್ಕೂ ಬೈದ ಮೇಲೆ ಠಣ್ಣೆಂದು ಕಳಚಿತು. ನನ್ನ ಅಂಗೈಗೆ ಹಾಕಿದರು. ಬೀಳಲಿರುವ ಹಾಲುಹಲ್ಲಿನಂತೆ ಗುಂಡು ಅದರೊಳಗೆ ಸಡಿಲವಾಗಿ ತೊನೆಯುತ್ತಿತ್ತು. ಚೀಲದಲ್ಲಿ ತಂದಿದ್ದ ಹೊಸದನ್ನು ಕೂರಿಸಿ, ನಟ್ಟು ಬಿಗಿದು, ಪಿನ್ ಮಡಚಿ, ಮತ್ತೆ ಮೀಟಿಸಿ ನೋಡಿದರು. ಬಲಗಡೆಯನ್ನೂ ನೋಡಿದರು. ಅದು ನಿಜಕ್ಕೂ ಗಟ್ಟಿಯಿತ್ತು. ಇವರು ನಿಧಾನಕ್ಕೆ ಇಳಿದು ಕೊನೆಯ ತಿರುವು ದಾಟುವವರೆಗೆ ನಾವಿಬ್ಬರೂ ಅಂಚಿನಲ್ಲಿ ನಿಂತಿದ್ದೆವು.

ವಾಪಸ್ ಬರುವಾಗ, ಫೋನಿಗೆ ಸಿಗ್ನಲ್ ಸಿಗುವ ಜಾಗದಲ್ಲಿ ಅತ್ತಿಗೆ ತಟ್ಟನೆ ನನ್ನ ಬೆನ್ನು ಬಡಿದರು.

"ನಿಲ್ಸು, ನಿಲ್ಸೇ! ಆ ಜಾಕ್ ಇಲ್ದಾಗ ಇನ್ನೂ ಎರಡು ಗಾಡಿ ಹಂಗೇ ನೋಡಿ ಕಳ್ಸಿದೀನಿ. ನೀರಿನ ಕ್ಯಾನಿನವನದು, ಶಾಮಿಯಾನದವನದು. ತಮ್ಮನ ಚಿಂತೇಲಿ ಅವ್ರು ತಲೆಗೇ ಬರ್ಲಿಲ್ಲ."

"ಈಗ್ಲೇ ಮಾಡಿ ಅತ್ತಿಗೆ."

ಫೋನ್ ತೆಗೆದರು. ಗ್ರೀಸ್ ಮೆತ್ತಿದ ಹೆಬ್ಬೆರಳಿನಲ್ಲಿ ಒತ್ತಿದ್ದೆಲ್ಲ ತಪ್ಪಾಗುತ್ತಿತ್ತು. ಅದನ್ನು ನನ್ನ ಕೈಗಿಟ್ಟರು.

"ನೀನೇ ಒತ್ತಿ ನನ್ನ ಕಿವಿಗೆ ಹಿಡಿ. ಗಾಡಿ ಎಲ್ಲಿದ್ರೂ ನಿಲ್ಸಿ, ನಾನೇ ತಪ್ಪು ನೋಡಿದೀನಿ ಅಂತ ನನ್ನ ಬಾಯಿಂದಾನೇ ಹೇಳ್ತೀನಿ. ಇಷ್ಟು ವರ್ಷದಲ್ಲಿ ಯಾವ ಗಿರಾಕಿಗೂ ಆ ಮಾತು ಹೇಳಿಲ್ಲ ಕಣೇ, ಅಭ್ಯಾಸ ಇಲ್ಲ. ನಾನೇನಾದ್ರೂ ರಸ್ತೆ ಸರಿ ಇಲ್ಲ, ಪಾರ್ಟ್ ಸರಿ ಇಲ್ಲ ಅಂತ ಮಾತು ತಿರುಗ್ಸೋಕೆ ಹೋದ್ರೆ, ಪಕ್ಕದಲ್ಲೇ ನಿಂತು ಜೋರಾಗಿ ಒಂದ್ಸಲ ಚಿವುಟ್ತೀಯಾ?"