ಅತ್ತೆಯೂ ಕಾರಿನಡಿಯ ಕಬ್ಬಿಣವೂ

ನಮ್ಮತ್ತೆಯ ಬಲ ಮುಂಗೈ ಮೇಲೆ ಹುಣಸೆಬೀಜದಷ್ಟು ಅಗಲದ ಬಿಳಿ ಕಲೆಯೊಂದಿತ್ತು. ಅಡುಗೆಮನೆಯಲ್ಲಿ ಸುಟ್ಟುಕೊಂಡದ್ದೆಂದು ಎಲ್ಲರೂ ತಿಳಿಯುತ್ತಿದ್ದರು. "ಅಲ್ಲ ಕಣ್ರೀ, ಆಸಿಡ್ಡು. ಲ್ಯಾಬಲ್ಲಿ ಬಿದ್ದದ್ದು," ಎಂದು ಅವರು ತುಸು ಹೆಮ್ಮೆಯಿಂದಲೇ ತಿದ್ದುತ್ತಿದ್ದರು. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದವರು. ಎಂಥ ಕೆಲಸ ಎದುರಾದರೂ "ಕೈ ಹಾಕಾಣ, ಆಮೇಲೆ ನೋಡಾಣ" ಎನ್ನುವರು. ಹಾಗೆ ಕೈ ಹಾಕಿಯೇ ಮಿಕ್ಸಿಯಿಂದ ಹಿಡಿದು ನೀರಿನ ಪಂಪಿನವರೆಗೆ ಜಯಲಕ್ಷ್ಮಿಪುರಂನ ನಮ್ಮ ಮನೆಯ ಎಲ್ಲವನ್ನೂ ಒಮ್ಮೆಯಾದರೂ ಬಿಚ್ಚಿ ಜೋಡಿಸಿದ್ದರು.

ಬಿಚ್ಚದೆ ಉಳಿದದ್ದು ಮಾವನವರ ಕಾರು ಒಂದೇ. ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಬಾಗಿಲಿನ ಪುಟ್ಟ ಹಳೆಯ ಕಾರು. ಮಾವ ಇರುವಷ್ಟು ಕಾಲ ಅದರ ಸ್ಟಿಯರಿಂಗ್ ಬೇರೆ ಯಾರ ಕೈಗೂ ಸಿಕ್ಕಿರಲಿಲ್ಲ. ಕೆಲಸಕ್ಕೆ ಸ್ಕೂಟರಿನಲ್ಲಿ ಜುಮ್ಮೆಂದು ಹೋಗುತ್ತಿದ್ದ ಅತ್ತೆ, ಕಾರಿನಲ್ಲಿ ಮಾತ್ರ ಎಡಗಡೆಯ ಸೀಟಿನಲ್ಲಿ ಕೈ ಕಟ್ಟಿ ಕೂರುತ್ತಿದ್ದರು. ಮಾವ ತೀರಿಕೊಂಡ ಮೇಲೆ ನನ್ನ ಗಂಡ ಅದನ್ನು ಮಾರಲು ಹೊರಟರು. ದಟ್ಟಗಳ್ಳಿಯ ಒಬ್ಬರು, ಆಗಷ್ಟೇ ಡ್ರೈವಿಂಗ್ ಕಲಿತಿದ್ದ ತಮ್ಮ ಮಗಳಿಗೆ ಬೇಕೆಂದು ಕೇಳಿದ್ದರು.

ಮೇಲಿನ ಬಣ್ಣವೇನೋ ಹೊಸದಾಯಿತು. ಅತ್ತೆಗೆ ಅಷ್ಟು ಸಾಲದು. ಚಾಪೆ ಹಾಸಿ ಮಲಗಿ, ಟಾರ್ಚ್ ಹಾಕಿ ಕಾರಿನಡಿ ನೋಡಿದರು. ಇಂಜಿನ್ನನ್ನೂ ಮುಂದಿನ ಚಕ್ರಗಳನ್ನೂ ಹೊತ್ತಿರುವ ಕಬ್ಬಿಣದ ಚೌಕಟ್ಟು, ಗ್ಯಾರೇಜಿನವರು ಸಬ್‌ಫ್ರೇಮ್ ಎನ್ನುವುದು, ತುಕ್ಕು ಗ್ರೀಸುಗಳಡಿ ಮುಚ್ಚಿಹೋಗಿತ್ತು. "ಇದನ್ನ ಬಿಚ್ಚಿ, ಉಜ್ಜಿ, ಬಣ್ಣ ಹೊಡೆದೇ ಕೊಡಾಣ," ಎಂದರು. ಮೆಕ್ಯಾನಿಕ್ ಬಂದು ಇಂಜಿನ್ ಇಳಿಸಿ, ಚೌಕಟ್ಟನ್ನು ಹಿತ್ತಿಲಲ್ಲಿ ಸ್ಟೂಲುಗಳ ಮೇಲೆ ಇಟ್ಟುಹೋದ.

ಆ ದಿನಗಳಲ್ಲಿ ನಾನು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಐದು ತಿಂಗಳ ಮಗು ಹೊಟ್ಟೆಯಲ್ಲೇ ಹೋಗಿತ್ತು. ನೋಡಲು ಬಂದವರೆಲ್ಲ ಇನ್ನೂ ವಯಸ್ಸಿದೆ, ಮರೆತುಬಿಡು ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಅತ್ತೆ ಅಂಥ ಮಾತೊಂದನ್ನೂ ಆಡಲಿಲ್ಲ. ಇನ್ನು ಕೆಲಸ ಮಾಡಬಹುದೆಂದು ಡಾಕ್ಟರು ಹೇಳಿದ ಮೇಲೆ ಒಂದು ಬೆಳಗ್ಗೆ, ಸೀರೆಯ ಮೇಲೆ ಮಾವನ ಹಳೆಯ ಶರ್ಟು ತೊಟ್ಟು ಬಾಗಿಲಲ್ಲಿ ನಿಂತರು. ಕೈಯಲ್ಲಿ ನನಗೂ ಒಂದು ಶರ್ಟು, ರಬ್ಬರ್ ಗ್ಲೌಸು.

"ಏಳಮ್ಮ. ಒಬ್ಬಳ ಕೈಲಿ ಆಗಲ್ಲ ಇದು."

ಸೀಮೆಎಣ್ಣೆಯಲ್ಲಿ ಗ್ರೀಸು ತೊಳೆದೆವು. ಪೇಂಟ್ ರಿಮೂವರ್ ಬಳಿದಾಗ ಹಳೆಯ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದಿತು. ನಾನು ಕೆರೆಯಲು ಹೋದರೆ ಅತ್ತೆ ತಡೆದರು. "ತಡಿ, ಅದೇ ಬಿಡುತ್ತೆ. ಗಾಳಿ ಬರೋ ಕಡೆ ನಿಂತ್ಕೊ." ಆಮೇಲೆ ಕೆರೆದು, ವೈರ್ ಬ್ರಶ್ಶಿನಿಂದ ತಿಕ್ಕಿ, ಸಂದುಗೊಂದುಗಳಿಗೆ ಉಪ್ಪುಕಾಗದ ಹಾಕಿದೆವು. ಒಂದು ಅಂಗೈಯಗಲ ಕಬ್ಬಿಣ ಬೆಳ್ಳಗೆ ಹೊಳೆದ ದಿನ, ಎಷ್ಟೋ ಕಾಲದ ಮೇಲೆ ನನಗೆ ಚೆನ್ನಾಗಿ ಹಸಿವಾಯಿತು.

ಹಾಗೆ ತಿಕ್ಕುತ್ತಿರುವಾಗಲೇ ಒಂದು ಮಧ್ಯಾಹ್ನ, ತಲೆಯೆತ್ತದೆ ಅತ್ತೆ ಹೇಳಿದರು: "ನಿನ್ನ ಗಂಡ ಹುಟ್ಟೋಕೆ ಮುಂಚೆ ನಂಗೂ ಒಂದು ಹೋಗಿತ್ತು ಕಣಮ್ಮ. ಹೆಣ್ಣು. ಅದರ ಮಾತೇ ಎತ್ತಬೇಡ ಅಂದ್ಬುಟ್ರು ಎಲ್ಲರೂ. ನಾನೂ ಎತ್ತಲಿಲ್ಲ. ನೀನು ಹಂಗೆ ಮಾಡ್ಬೇಡ. ಮಾತಾಡು."

ಮಾತಾಡಿದೆ. ಮಗುವಿಗೆಂದು ಯೋಚಿಸಿಟ್ಟಿದ್ದ ಹೆಸರನ್ನೂ ಹೇಳಿದೆ. ಅತ್ತೆ ಕೈ ನಿಲ್ಲಿಸಿ, ಆ ಹೆಸರನ್ನು ಒಮ್ಮೆ ತಾವೂ ಹೇಳಿ ನೋಡಿದರು. "ಚೆನ್ನಾಗಿದೆ," ಎಂದರು.

ಬಿರುಕು ಕಂಡದ್ದು ಕೊನೆಗೆ ಉಳಿದಿದ್ದ ಮೂಲೆಯಲ್ಲಿ. ಚಕ್ರವನ್ನು ಹಿಡಿದಿರುವ ತೋಳು ಬಂದು ಸೇರುವ ಜಾಗದಲ್ಲಿ ಕೂದಲೆಳೆಯಂಥ ಗೆರೆ. ಕಾರು ಕೊಳ್ಳುವವರು ಆ ಭಾನುವಾರವೇ ಬರುವವರಿದ್ದರು. ನನ್ನ ಗಂಡ ಬಗ್ಗಿ ನೋಡಿ, "ಪುಟ್ಟಿ ತುಂಬಿ ಕಪ್ಪು ಬಣ್ಣ ಹೊಡೆದ್ರೆ ಕಾಣಲ್ಲಮ್ಮ," ಎಂದರು.

"ಬೆಟ್ಟ ಇಳಿಯುವಾಗ ಚಕ್ರ ಕಿತ್ಕೊಂಡ್ರೆ ಕಾಣುತ್ತೆ," ಎಂದರು ಅತ್ತೆ. "ಓಡಿಸೋದು ಅವರ ಮಗಳು ಅಂತ ನೀನೇ ಹೇಳಿದ್ದು."

ತಾವೇ ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು. ಅವರು ಬೇಡವೆಂದುಬಿಟ್ಟರು. ನನ್ನ ಗಂಡ ಕೆಲವು ದಿನ ತಟ್ಟೆ ನೋಡಿಕೊಂಡೇ ಊಟ ಮಾಡಿದರು. ಅತ್ತೆ ಅದನ್ನು ಕಂಡೂ ಕಾಣದಂತೆ ಹುಳಿ ಬಡಿಸುತ್ತಿದ್ದರು.

ಬೋಗಾದಿಯ ವೆಲ್ಡರ್ ಬಿರುಕು ಮುಂದಕ್ಕೆ ಹರಿಯದಂತೆ ಅದರ ತುದಿಗಳಲ್ಲಿ ಸಣ್ಣ ತೂತು ಕೊರೆದು, ಬೆಸೆದು, ಮೇಲೊಂದು ದಪ್ಪ ಪಟ್ಟಿ ಕೂರಿಸಿದ. ಚೌಕಟ್ಟು ಸೊಟ್ಟಗಾಗಿಲ್ಲವೆಂದು ಅತ್ತೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದರು. ಪ್ರೈಮರ್ ಒಣಗಿದ ಮೇಲೆ ನಾನು ಕಪ್ಪು ಬಣ್ಣ ಹೊಡೆದೆ. ಅದನ್ನು ಮತ್ತೆ ಕಾರಿನಡಿ ಎತ್ತಿಕೊಡಲು ನನ್ನ ಗಂಡನೂ ಪಂಚೆ ಮೇಲೆ ಕಟ್ಟಿಕೊಂಡು ಬಂದರು. ಕಾರು ಜೋಡಣೆಯಾದ ದಿನ ಕೀಯನ್ನು ಅವರೇ ಅಮ್ಮನ ಮುಂದೆ ಹಿಡಿದು, "ಓಡಿಸಕ್ಕೆ ಬರುತ್ತಾ?" ಎಂದು ಕೇಳಿದರು.

"ಕಾರಿನ ಲೈಸೆನ್ಸೂ ಯಾವತ್ತೋ ಮಾಡಿಸಿಟ್ಟಿದೀನಿ. ನಿಮ್ಮಪ್ಪ ಕೇಳಲಿಲ್ಲ, ನಾನು ಹೇಳಲಿಲ್ಲ."

ಚಾಮುಂಡಿ ಬೆಟ್ಟ ಹತ್ತಿ ಇಳಿದು ಬಂದೆವು. ತಿರುವುಗಳಲ್ಲಿ ಅತ್ತೆ ಒಮ್ಮೆಯೂ ತಡವರಿಸಲಿಲ್ಲ.

ಕಾರನ್ನು ನೋಡಿದ ಪರಿಚಯದವರು ತಮ್ಮ ಹಳೆಯ ಕಾರುಗಳನ್ನೂ ತಂದರು. ನಾನೂ ಅತ್ತೆಯೂ ಸೇರಿ ಬೋಗಾದಿಯಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದೆವು. ಇವತ್ತು ನಾನು ಬದುಕುತ್ತಿರುವುದು ಆ ಕೆಲಸದಿಂದ, ಮತ್ತು ಅದನ್ನು ಚೆನ್ನಾಗಿಯೇ ಮಾಡುತ್ತೇನೆ.

ಹೋದ ವರ್ಷ ಅತ್ತೆ ಆಸ್ಪತ್ರೆ ಸೇರಿದರು. ಅಲ್ಲಿಂದ ಅವರು ಮನೆಗೆ ಬರಲಿಲ್ಲ. ಕೊನೆಯ ವಾರದಲ್ಲಿ, ನಾನು ಅವರ ತಲೆ ಬಾಚುತ್ತಿದ್ದಾಗ ನರ್ಸ್ ಕೇಳಿದಳು: "ಮಗಳಾ ಅಮ್ಮ?"

"ಸೊಸೆ ಕಣಮ್ಮ," ಎಂದರು ಅತ್ತೆ. ಸ್ವಲ್ಪ ಸುಧಾರಿಸಿಕೊಂಡು, ಅಷ್ಟು ಹೇಳಿದರೆ ಸಾಲದೆನ್ನಿಸಿದವರಂತೆ ಮತ್ತೆ ಬಾಯಿ ತೆರೆದರು. "ನಾವಿಬ್ರೂ ಒಟ್ಟಿಗೆ ಕೆಲಸ ಮಾಡೋರು."